ಮರಳಿನಲ್ಲಿ ಬಂಗಾರ ಸಿಕ್ಕರೆ ಅದು ಯಾರದು?

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ದಿನ ನಮ್ಮ ವಾಣಿಜ್ಯ ವಿಭಾಗದ ಹುಡುಗಿಯರೆಲ್ಲ ಸೇರಿ ಗದಗ ಕಡೆ ಒಂದು ದಿನದ ಪ್ರವಾಸ ಹೋಗಬೇಕೆಂದು ಮಾತಾಡಿಕೊಂಡೆವು. ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಖರ್ಚಿಲ್ಲ, ಬುತ್ತಿ ಮನೆಯಿಂದಲೇ ಕಟ್ಟಿಕೊಂಡು ಹೋಗುವುದು. ಲಕ್ಕುಂಡಿ, ಡಂಬಳ, ಆಮೇಲೆ ಕಪ್ಪತಗುಡ್ಡ ಎಂದು ಪಟ್ಟಿ ಮಾಡಿದೆವು. ಅಷ್ಟರಲ್ಲಿ ಒಬ್ಬ ಗೆಳತಿ ಮೊಬೈಲಿನಲ್ಲಿ ಒಂದು ರೀಲ್ ತೋರಿಸಿದಳು. ಯಾವುದೋ ದೇಶದ ಹೊಳೆಯಲ್ಲಿ ಒಬ್ಬ ಮನುಷ್ಯ ಪ್ಲಾಸ್ಟಿಕ್ ತಾಟಿನಲ್ಲಿ ಮರಳು ಹಾಕಿ ತಿರುಗಿಸುತ್ತಾನೆ. ನೀರು ಚೆಲ್ಲುತ್ತ ಚೆಲ್ಲುತ್ತ ಕೊನೆಗೆ ತಾಟಿನ ಅಂಚಿನಲ್ಲಿ ನಾಲ್ಕು ಹಳದಿ ಕಣ ಉಳಿಯುತ್ತವೆ. "ಕಪ್ಪತಗುಡ್ಡದಾಗೂ ಬಂಗಾರ ಐತಂತ. ನಾವೂ ಒಂದು ತಾಟು ತರಿಸೋಣು" ಎಂದಳು. ಬೇಡ ಎಂದು ಯಾರೂ ಹೇಳಲಿಲ್ಲ.

ನಮ್ಮ ವ್ಯವಹಾರ ಅಧ್ಯಯನದ ಸರ್ ಅದನ್ನು ಕೇಳಿಸಿಕೊಂಡರು. "ಒಯ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಅದಕ್ಕ ಕಾನೂನು ಏನ್ ಹೇಳತೈತಿ ಅನ್ನೋದು ಮೊದಲ ಓದಿಕೊಂಡು ಬರ್ರಿ" ಎಂದರು. ಆ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಏಕೆಂದರೆ ಆ ವಾರ ನಮ್ಮ ಮನೆಯಲ್ಲೂ ಒಂದು ಬಂಗಾರದ ಪ್ರಶ್ನೆ ಎದ್ದಿತ್ತು. ನನ್ನ ತಮ್ಮನಿಗೆ ಬೆಣ್ಣಿಹಳ್ಳದ ಮರಳಿನಲ್ಲಿ ಒಂದು ಝುಮಕಿ ಸಿಕ್ಕಿತ್ತು. ಅದರ ಮಾತು ಆಮೇಲೆ. ಮೊದಲು ತಾಟಿನ ವಿಷಯ.

ತಾಟಿನಲ್ಲಿ ಬಂಗಾರ ಉಳಿಯುವುದರ ಹಿಂದೆ ಮಂತ್ರವೇನಿಲ್ಲ, ತೂಕ ಅಷ್ಟೇ. ಒಂದೇ ಅಳತೆಯ ನೀರಿಗಿಂತ ಬಂಗಾರ 19 ಪಟ್ಟಿಗಿಂತ ಹೆಚ್ಚು ಭಾರ. ಸಾಮಾನ್ಯ ಬಿಳಿ ಮರಳು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಕಬ್ಬಿಣದ ಅಂಶವಿರುವ ಕರಿ ಮರಳು ಸುಮಾರು ಐದು ಪಟ್ಟು. ಗುಡ್ಡದ ಬಿಳಿಕಲ್ಲಿನ ಸೀಳುಗಳಲ್ಲಿ ಇದ್ದ ಬಂಗಾರ ಮಳೆ ಗಾಳಿಗೆ ಕಲ್ಲು ಸವೆದಂತೆ ಬಿಡಿಸಿಕೊಂಡು ಹಳ್ಳಕ್ಕೆ ಬರುತ್ತದೆ. ನೀರಿನ ಸೆಳೆತ ಕಡಿಮೆಯಾಗುವ ತಿರುವಿನಲ್ಲಿ, ಬಂಡೆಯ ಸಂದಿನಲ್ಲಿ ತಳ ಸೇರುತ್ತದೆ. ತಾಟು ತಿರುಗಿಸಿದರೆ ಹಗುರ ಮರಳು ನೀರಿನೊಂದಿಗೆ ಹೊರಗೆ ಹೋಗುತ್ತದೆ, ಮೊದಲು ಕರಿ ಮರಳು ಕಾಣುತ್ತದೆ, ಅದರ ಕೆಳಗೆ ಅದೃಷ್ಟವಿದ್ದರೆ ಬಂಗಾರ. ನಮ್ಮ ಅಮ್ಮಿ ಅಕ್ಕಿ ತೊಳೆದು ಕಲ್ಲು ಬೇರೆ ಮಾಡುವುದೂ ಇದೇ ಲೆಕ್ಕ.

ಈ ವಿದ್ಯೆ ರೀಲ್‌ನಿಂದ ನಮ್ಮ ಕಡೆಗೆ ಬಂದದ್ದಲ್ಲ. ಕುವೆಂಪು ಅವರ ನಾಟಕದ ಜಲಗಾರ ಬೀದಿ ಗುಡಿಸುವವನು. ನಮ್ಮ ಭಾಗದಲ್ಲಿ ಜಲಗಾರ ಎಂದರೆ ಮಣ್ಣು ತೊಳೆದು ಬಂಗಾರ ತೆಗೆಯುವವನು. ಗದಗ ಜಿಲ್ಲೆ 1997ರವರೆಗೆ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. ಅಲ್ಲಿಯ ಡೋಣಿ, ಸೊರಟೂರು ಕಡೆಯ ಹಳ್ಳಗಳಲ್ಲಿ ಮಳೆಗಾಲದ ನಂತರ ಜಲಗಾರರು ಮರದ ಮರಿಗೆಯಲ್ಲಿ ಮರಳು ತೊಳೆಯುತ್ತಿದ್ದರು. ಹಳ್ಳ ಒಣಗಿದಾಗ ಅಕ್ಕಸಾಲಿಗರ ಅಂಗಡಿ ಮುಂದಿನ ಧೂಳು ಗುಡಿಸಿ ತೊಳೆಯುವುದು ಅವರ ಇನ್ನೊಂದು ಕಸುಬು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಡಂಬಳದ ಗುಡ್ಡಗಳ ಬಂಗಾರದ ಕಲ್ಲುಗಳ ಬಗ್ಗೆ ವರದಿ ಬರೆದರು. ಮುಂದೆ ಕೋಲಾರ, ಹಟ್ಟಿಗಳ ಬಂಗಾರವೂ ಇರುವ ಕಲ್ಲಿನ ಗುಂಪಿಗೆ ಅವರೇ 'ಧಾರವಾಡ' ಎಂದು ಹೆಸರಿಟ್ಟರು. ಪೇಢೆಗೆ ಮಾತ್ರ ಧಾರವಾಡದ ಹೆಸರು ಇದೆ ಎಂದುಕೊಂಡಿದ್ದ ನನಗೆ ಇದನ್ನು ಓದಿ ಬಹಳ ಖುಷಿಯಾಯಿತು. 20ನೇ ಶತಮಾನದ ಆರಂಭದಲ್ಲಿ ಕಂಪನಿಗಳು ಬಂದು ಕಪ್ಪತಗುಡ್ಡದ ಸಾಲಿನಲ್ಲಿ ಗಣಿ ತೋಡಿದವು. ಖರ್ಚಿಗೆ ತಕ್ಕ ಬಂಗಾರ ಸಿಗದೆ ಕೆಲವೇ ವರ್ಷಗಳಲ್ಲಿ ಬಿಟ್ಟು ಹೋದವು.

ಹಾಗಾದರೆ ಪ್ರವಾಸಕ್ಕೆ ಹೋದವರು ತಮಾಷೆಗಾಗಿ ಒಂದು ತಾಟು ಮರಳು ತೊಳೆಯಬಹುದೆ?

ಇದಕ್ಕೆ ಉತ್ತರ ಹುಡುಕಲು 1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ ತೆಗೆದೆ. ಅದರ 4ನೇ ಕಲಮು ಹೇಳುವುದು ಇಷ್ಟು: ಪರವಾನಗಿ ಅಥವಾ ಗುತ್ತಿಗೆ ಇಲ್ಲದೆ ಯಾರೂ ಖನಿಜ ಹುಡುಕುವ ಕೆಲಸವನ್ನಾಗಲಿ ತೆಗೆಯುವ ಕೆಲಸವನ್ನಾಗಲಿ ಮಾಡುವಂತಿಲ್ಲ. ಜಿಯಾಲಾಜಿಕಲ್ ಸರ್ವೆಯಂಥ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಇದೆ. ನಾನು ಮೊದಲು ಯೋಚಿಸಿದ್ದು, 'ಗಣಿಗಾರಿಕೆ' ಎಂದರೆ ಜೆಸಿಬಿ, ಲಾರಿ, ಸುರಂಗ, ನಮ್ಮ ತಾಟು ಅದರಲ್ಲಿ ಬರುವುದಿಲ್ಲ ಎಂದು. ಆದರೆ 3ನೇ ಕಲಮಿನಲ್ಲಿ ಶಬ್ದಗಳ ಅರ್ಥ ಕೊಟ್ಟಿದ್ದಾರೆ. ಖನಿಜ ಎಲ್ಲಿದೆ ಎಂದು ಹುಡುಕಲು, ಗೊತ್ತುಮಾಡಿಕೊಳ್ಳಲು ಮಾಡುವ 'ಯಾವುದೇ' ಕೆಲಸ ಹುಡುಕಾಟ. ಖನಿಜ ಪಡೆಯಲು ಮಾಡುವ 'ಯಾವುದೇ' ಕೆಲಸ ಗಣಿಗಾರಿಕೆ. ಎಷ್ಟು ಕಿಲೋ, ಯಾವ ಯಂತ್ರ, ಲಾಭಕ್ಕೋ ಹವ್ಯಾಸಕ್ಕೋ ಎಂಬ ಮಾತೇ ಇಲ್ಲ. ಆ 'ಯಾವುದೇ' ಎಂಬ ಒಂದು ಶಬ್ದದಲ್ಲಿ ನಮ್ಮ ತಾಟು ಸಿಕ್ಕಿಬಿತ್ತು. ತಪ್ಪಿ ನಡೆದರೆ 21ನೇ ಕಲಮಿನ ಪ್ರಕಾರ ಐದು ವರ್ಷದವರೆಗೆ ಜೈಲು, ಹೆಕ್ಟೇರಿಗೆ ಐದು ಲಕ್ಷ ರೂಪಾಯಿಯವರೆಗೆ ದಂಡ. ಕಾಲೇಜು ಹುಡುಗಿಯರ ಒಂದು ತಾಟಿಗೆ ಯಾರೂ ಐದು ವರ್ಷ ಹಾಕಲಿಕ್ಕಿಲ್ಲ. ಆದರೂ 'ಹಾಕಲಿಕ್ಕಿಲ್ಲ' ಎನ್ನುವುದು ಪರವಾನಗಿ ಅಲ್ಲವಲ್ಲ.

ಪರವಾನಗಿಯನ್ನೇ ಕೇಳಬಹುದಲ್ಲ ಎಂದು ಮುಂದೆ ಓದಿದೆ. 2015ರ ತಿದ್ದುಪಡಿಯ ನಂತರ ಗಣಿ ಗುತ್ತಿಗೆ ಹರಾಜಿನ ಮೂಲಕ ಸಿಗುತ್ತದೆ. 2023ರಲ್ಲಿ ಭೂಮಿಯ ಆಳದಲ್ಲಿರುವ 29 ಖನಿಜಗಳಿಗೆ ಅನ್ವೇಷಣಾ ಪರವಾನಗಿ ಎಂಬ ಹೊಸದೊಂದನ್ನು ತಂದರು, ಅದರಲ್ಲಿ ಬಂಗಾರವೂ ಇದೆ, ಅದೂ ಹರಾಜೇ. ಬಂಗಾರ ತೆಗೆದ ಕಂಪನಿ ಲಂಡನ್ ಮಾರುಕಟ್ಟೆ ದರದ ಮೇಲೆ ಶೇ. 4ರಷ್ಟು ರಾಯಧನ ಕಟ್ಟಬೇಕು. ಎಲ್ಲವೂ ಕಂಪನಿಗಳ ಲೆಕ್ಕ. ಒಂದು ದಿನದ ಪ್ರವಾಸಿಗೆ ಕೊಡುವ ಚೀಟಿ ಎಂಬುದು ಈ ವ್ಯವಸ್ಥೆಯಲ್ಲಿ ಇಲ್ಲವೇ ಇಲ್ಲ.

"ನಮ್ಮ ಹೊಲದಾಗ ಮಾಡಿದ್ರ?" ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ನಮ್ಮ ಉತಾರದಲ್ಲಿ ಅಬ್ಬಾನ ಹೆಸರಿದೆ ಎಂದ ಮಾತ್ರಕ್ಕೆ ಹೊಲದ ಕೆಳಗಿನದ್ದೆಲ್ಲ ನಮ್ಮದಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಗಣಿ, ಖನಿಜಗಳ ಹಕ್ಕು ರಾಜ್ಯ ಸರ್ಕಾರದ್ದು. ಕೇರಳದ ಮಲಬಾರಿನ ಕೆಲವು ಭೂಮಾಲೀಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಅವರ ಭೂಮಿಯ ಕೆಳಗಿನ ಖನಿಜ ಅವರದೇ ಎಂದು ಹೇಳಿದೆ. ಆದರೆ ಒಡೆತನ ಇದ್ದರೂ ತೆಗೆಯಲು ಪರವಾನಗಿ ಬೇಕೇ ಬೇಕು. ಒಡೆತನ ಬೇರೆ, ಅನುಮತಿ ಬೇರೆ. ಪರೀಕ್ಷೆಯಲ್ಲಿ ಬಂದರೆ ಇದನ್ನು ಒಂದು ಅಂಕದ ಪ್ರಶ್ನೆ ಮಾಡಬಹುದು.

ಕಪ್ಪತಗುಡ್ಡಕ್ಕೆ ಇದರ ಮೇಲೆ ಇನ್ನೂ ಎರಡು ಬೀಗಗಳಿವೆ. ಅದು ಅರಣ್ಯ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಕಾಡಿನ ಸೊಪ್ಪು, ಕಟ್ಟಿಗೆಯಂತೆ ಕಾಡಿನ ಮಣ್ಣು, ಕಲ್ಲು, ಖನಿಜ ಕೂಡ ಅರಣ್ಯ ಉತ್ಪನ್ನ. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮ ಎಂದು ಘೋಷಿಸಿದರು. ಅದಕ್ಕೂ ಮೊದಲು ಅಲ್ಲಿ ಗಣಿ ಬರಬಾರದೆಂದು ಗದಗಿನ ಜನ, ಮಠಾಧೀಶರು, ರೈತರು ವರ್ಷಗಟ್ಟಲೆ ಹೋರಾಡಿದ್ದರು. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ ಅದು. ದೊಡ್ಡ ಕಂಪನಿಗೆ ಬೇಡ ಎಂದು ಅಷ್ಟು ಜನ ತಡೆದ ಜಾಗದಲ್ಲಿ ನಾವು ತಾಟು ಹಿಡಿದು ಕುಳಿತರೆ ಹೇಗಿರುತ್ತದೆ ಎಂದು ನನಗೇ ನಾಚಿಕೆಯಾಯಿತು.

ತರಗತಿಯಲ್ಲಿ ಇಷ್ಟು ಹೇಳಿದ ಮೇಲೆ ನಾನೇ ಸರ್‌ಗೆ ಒಂದು ಪ್ರಶ್ನೆ ಕೇಳಿದೆ. ಹಾಗಾದರೆ ಜಲಗಾರರ ಕಸುಬು ಅಪರಾಧವೆ? ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಳ್ಳದ ಮರಳು ತೊಳೆದ್ರ ಇವತ್ತು ಪರವಾನಗಿ ಬೇಕು. ಸರಾಫ ಅಂಗಡಿ ಧೂಳು ತೊಳೆದ್ರ ಬ್ಯಾಡ. ಯಾಕ ಅಂತ ನೀನ ಹೇಳು" ಎಂದರು. ಯೋಚಿಸಿದಾಗ ಹೊಳೆಯಿತು. ಅಂಗಡಿಯ ಧೂಳನ್ನು ಅವರು ಅಂಗಡಿಯವನಿಂದ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅದು ಖರೀದಿ, ಗಣಿಗಾರಿಕೆ ಅಲ್ಲ. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯೇ ಇರಬಹುದು. ಆದರೂ ಭೂವಿಜ್ಞಾನಿಗಳು ಬರುವ ಎಷ್ಟೋ ಮೊದಲೇ ಆ ಹಳ್ಳಗಳಲ್ಲಿ ಬಂಗಾರ ಇದೆ ಎಂದು ಕಂಡವರು ಜಲಗಾರರು. ಹರಾಜಿನಲ್ಲಿ ಕೂಗಲು ಅವರಿಗೆ ಯಾವ ಕುರ್ಚಿಯೂ ಇಲ್ಲ ಎನ್ನುವುದು ನನಗೆ ಸರಿ ಕಾಣಲಿಲ್ಲ.

ರೀಲ್‌ನಲ್ಲಿದ್ದ ಮನುಷ್ಯ ಮಾತ್ರ ಅಪರಾಧಿ ಆಗಿರಲಿಕ್ಕಿಲ್ಲ. ಕೆಲವು ದೇಶಗಳಲ್ಲಿ ಇದು ನಿಜವಾಗಿಯೂ ಪ್ರವಾಸಿಗರ ಹವ್ಯಾಸ. ನ್ಯೂಜಿಲೆಂಡಿನಲ್ಲಿ ನೆಲದ ಬಂಗಾರವೆಲ್ಲ ಸರ್ಕಾರದ್ದೇ. ಆದರೆ ದಕ್ಷಿಣ ದ್ವೀಪದ ಕೆಲವು ಹೊಳೆಪಾತ್ರಗಳನ್ನು ಜನರಿಗಾಗಿ ಬಿಟ್ಟಿದ್ದಾರೆ. ಆ್ಯರೋಟೌನ್ ಎಂಬ ಊರಿನ ಆ್ಯರೋ ನದಿ ಅಂಥದೊಂದು, 1862ರಲ್ಲಿ ಅಲ್ಲಿ ಬಂಗಾರಕ್ಕಾಗಿ ಜನ ಮುಗಿಬಿದ್ದಿದ್ದರು. ಈಗ ಅಲ್ಲಿ ಪರವಾನಗಿ ಇಲ್ಲದೆ ಯಾರು ಬೇಕಾದರೂ ತೊಳೆಯಬಹುದು, ಆದರೆ ತಾಟು, ಸಲಿಕೆಯಂಥ ಕೈ ಉಪಕರಣ ಮಾತ್ರ, ಮೋಟಾರು ಹಚ್ಚುವಂತಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 'ಮೈನರ್ಸ್ ರೈಟ್' ಎಂಬ ಚೀಟಿ ಇದೆ. ಅದರ ಹಿಂದೆ ರಕ್ತದ ಕಥೆ ಇದೆ. 1854ರಲ್ಲಿ ದುಬಾರಿ ಪರವಾನಗಿ ಶುಲ್ಕದ ವಿರುದ್ಧ ಬಲ್ಲರಾಟ್ ಊರಿನ ಯುರೇಕಾ ಎಂಬಲ್ಲಿ ಕಾರ್ಮಿಕರು ಬಂಡೆದ್ದು ಹಲವರು ಸತ್ತರು. ಮರುವರ್ಷ ಆ ಶುಲ್ಕ ತೆಗೆದು ವರ್ಷಕ್ಕೆ ಒಂದು ಪೌಂಡಿನ ಈ ಚೀಟಿ ತಂದರು. ಇಂದು ಅದು ಹತ್ತು ವರ್ಷ ನಡೆಯುತ್ತದೆ, ಹೊರಗಿನಿಂದ ಬಂದ ಪ್ರವಾಸಿಯೂ ಪಡೆಯಬಹುದು, ಸಿಕ್ಕದ್ದು ಅವನದೇ. ಖಾಸಗಿ ಜಮೀನಾದರೆ ಮಾಲೀಕನ ಒಪ್ಪಿಗೆ ಬೇಕು, ರಾಷ್ಟ್ರೀಯ ಉದ್ಯಾನಗಳು ಸಾಮಾನ್ಯವಾಗಿ ನಿಷಿದ್ಧ, ಅಲ್ಲಿಯ ಮೂಲನಿವಾಸಿಗಳ ಜಾಗ ಮುಟ್ಟುವಂತಿಲ್ಲ, ತೋಡಿದ ಗುಂಡಿ ಮುಚ್ಚಿಯೇ ಹೋಗಬೇಕು.

ನಮ್ಮಲ್ಲೂ ಹೀಗೆ ಒಂದು ಪ್ರವಾಸಿಯ ಕಥೆ ಇದೆ. ಮೈಕೆಲ್ ಲವೆಲ್ ಎಂಬ ಐರಿಶ್ ಸೈನಿಕ ನ್ಯೂಜಿಲೆಂಡಿನ ಯುದ್ಧದಲ್ಲಿದ್ದು ಅಲ್ಲಿ ಬಂಗಾರದ ರುಚಿ ಹತ್ತಿಸಿಕೊಂಡು ಬೆಂಗಳೂರಿಗೆ ಬಂದ. 1802ರಲ್ಲಿ ಜಾನ್ ವಾರೆನ್ ಎಂಬ ಅಧಿಕಾರಿ ಕೋಲಾರದ ಹಳ್ಳಿಗರಿಂದ ಮಣ್ಣು ತೊಳೆಯಿಸಿ ಬಂಗಾರ ಕಂಡಿದ್ದ ವರದಿ ಅವನ ಕೈಗೆ ಸಿಕ್ಕಿತು. ಎತ್ತಿನ ಗಾಡಿ ಕಟ್ಟಿಸಿಕೊಂಡು ಕೋಲಾರಕ್ಕೆ ಹೋಗಿ ನೋಡಿ ಬಂದ. ಆದರೆ ಅವನೂ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಪರವಾನಗಿ ಸಿಕ್ಕ ಮೇಲೆಯೇ ಗುಂಡಿ ತೋಡಿಸಿದ್ದು. 2001ರಲ್ಲಿ ಮುಚ್ಚಿದ ಕೆಜಿಎಫ್ ಹುಟ್ಟಿದ್ದು ಹಾಗೆ.

ಹೊರದೇಶದಲ್ಲಿ ಕಾನೂನುಬದ್ಧವಾಗಿ ಸಿಕ್ಕದ್ದನ್ನು ಮನೆಗೆ ತರುವಾಗ ಇನ್ನೊಂದು ಬಾಗಿಲಿದೆ, ಕಸ್ಟಮ್ಸ್. ನಮ್ಮಲ್ಲಿ ಬಹಳ ಮನೆಗಳಿಂದ ಯಾರಾದರೂ ಗಲ್ಫಿನಲ್ಲಿ ಇದ್ದಾರೆ, ಆದ್ದರಿಂದ ಇದನ್ನು ಬರೆಯಲೇಬೇಕು. ಒಂದು ವರ್ಷಕ್ಕಿಂತ ಹೆಚ್ಚು ಹೊರಗಿದ್ದು ಬರುವವರಿಗೆ ಒಡವೆಯ ಮೇಲೆ ಸುಂಕದ ರಿಯಾಯಿತಿ ಇದೆ, ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ. ಈ ರಿಯಾಯಿತಿ ಒಡವೆಗೆ ಮಾತ್ರ. ಗಟ್ಟಿ, ನಾಣ್ಯ, ಹೊಳೆಯಿಂದ ತೆಗೆದ ಕಣ, ಇವು ಒಡವೆಯಲ್ಲ. ಕೆಂಪು ದಾರಿಯಲ್ಲಿ ಹೋಗಿ ಹೇಳಿ ಸುಂಕ ಕಟ್ಟಬೇಕು. ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ಮುನ್ನ ಹೊಸದನ್ನು ನೋಡಿಕೊಳ್ಳುವುದು ಒಳ್ಳೆಯದು.

ನಾವು ಪ್ರವಾಸಕ್ಕೆ ಹೋದೆವು, ತಾಟು ಬಿಟ್ಟು. (ಆ ಗೆಳತಿ ಆಗಲೇ ಅದನ್ನು ತರಿಸಿಬಿಟ್ಟಿದ್ದಳು. ಈಗ ಅವರ ಮನೆಯ ಕೋಳಿಗಳು ಅದರಲ್ಲಿ ನೀರು ಕುಡಿಯುತ್ತವೆ.) ಡಂಬಳದ ದೊಡ್ಡಬಸಪ್ಪ ಗುಡಿ ನೋಡಿ, ಕಪ್ಪತಗುಡ್ಡವನ್ನು ದೂರದಿಂದ ನೋಡಿದೆವು. ಲಕ್ಕುಂಡಿಯಲ್ಲಿ ಇನ್ನೊಂದು ವಿಷಯ ತಿಳಿಯಿತು. ಹಿಂದೆ ಅಲ್ಲಿ ಟಂಕಸಾಲೆ ಇತ್ತು, ಲೊಕ್ಕಿ ಗದ್ಯಾಣ ಎಂಬ ಬಂಗಾರದ ನಾಣ್ಯ ಅಲ್ಲಿಯದು. ಅಂಥ ಹಳೆಯ ನಾಣ್ಯ ನೆಲದಲ್ಲಿ ಸಿಕ್ಕರೆ ಅದು ಖನಿಜವಲ್ಲ, ನಿಧಿ. ಅದಕ್ಕೆ ಬೇರೆಯೇ ಕಾನೂನು. ಬ್ರಿಟಿಷರದು 1878ರ ಕಾಯ್ದೆ, ಕರ್ನಾಟಕದ್ದು 1962ರ ಕಾಯ್ದೆ. ಸಿಕ್ಕವರು ಸರ್ಕಾರಕ್ಕೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆ. ನೂರು ವರ್ಷ ಹಳೆಯ ವಸ್ತುವಾದರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆಯೂ ಬರುತ್ತದೆ. ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ಗುಡಿ, ಕೋಟೆಗಳ ಸುತ್ತ ತಿರುಗುವವರು ಇದನ್ನು ಓದಬೇಕು.

ಈಗ ನಮ್ಮ ಮನೆಯ ಝುಮಕಿ. ಯಮನೂರಿನ ದರ್ಗಾ ಗೊತ್ತಿಲ್ಲದವರು ಈ ಭಾಗದಲ್ಲಿ ಕಡಿಮೆ. ನಾವು ರಾಜಾಬಾಗಸವಾರ್ ಎನ್ನುತ್ತೇವೆ, ಹಿಂದೂಗಳು ಚಾಂಗದೇವ ಎನ್ನುತ್ತಾರೆ, ಉರುಸಿಗೆ ಬರುವವರು ಎಲ್ಲರೂ. ಬಂದವರು ಬೆಣ್ಣಿಹಳ್ಳದಲ್ಲಿ ಸ್ನಾನ ಮಾಡುತ್ತಾರೆ. ನಮ್ಮ ಎರೆ ಭೂಮಿಯ ಈ ಹಳ್ಳದಲ್ಲಿ ಬಂಗಾರದ ಕಣ ಸಿಕ್ಕಿದ್ದನ್ನು ನಾನು ಕೇಳಿಲ್ಲ. ಆದರೆ ಅಷ್ಟು ಜನ ಮುಳುಗಿ ಎದ್ದ ಮೇಲೆ ನಾಣ್ಯ, ಕಾಲುಂಗುರ, ಒಮ್ಮೊಮ್ಮೆ ಬಂಗಾರವೂ ಮರಳಲ್ಲಿ ಉಳಿಯುತ್ತದೆ. ಜನ ಹೋದ ಮೇಲೆ ಊರ ಹುಡುಗರು ಮನೆಯ ಜರಡಿ ಕದ್ದೊಯ್ದು ಸೋಸುತ್ತಾರೆ. ನಮ್ಮ ಕಡೆಯ ಬಂಗಾರ ಹುಡುಕುವ ಹವ್ಯಾಸ ಎಂದರೆ ಇದೇ. ತಮ್ಮ ಓಡಿ ಬಂದು "ಆಪಾ, ನೋಡು" ಎಂದು ಮುಷ್ಟಿ ಬಿಚ್ಚಿದ. ತೂಕ ಮಾಡಿಸಿದಾಗ ಮೂರು ಗ್ರಾಂ ಚಿಲ್ಲರೆ.

ಅಬ್ಬಾ ಟಂಟಂ ಓಡಿಸುತ್ತಾರೆ. ಅದರ ಸಾಲದ ಕಂತು ಎರಡು ತಿಂಗಳು ನಿಂತಿತ್ತು, ನನ್ನ ದ್ವಿತೀಯ ಪಿಯುಸಿ ಫೀಸು ಮುಂದಿತ್ತು. ಆ ಝುಮಕಿ ಮಾರಿದ್ದರೆ ಎರಡೂ ಮುಗಿಯುತ್ತಿತ್ತು. ಚಾಚಾ ಮಾರಿಬಿಡಿ ಎಂದರು. ಹಳ್ಳ ಕೊಟ್ಟದ್ದು, ಯಾರ ಮನೆಯಿಂದ ಕದ್ದದ್ದೇನೂ ಅಲ್ಲವಲ್ಲ ಎಂಬುದು ಅವರ ಮಾತು. ದಾದಿ ಮಾತ್ರ "ಕಿಸ್ಕಾ ಹೈ ಕಿ ಪೈಲೇ ಪೂಛೋ" ಎಂದರು, ಯಾರದೆಂದು ಮೊದಲು ಕೇಳಿ ಎಂದು. ನಾನೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಒಳಗೆ ಚಾಚಾನ ಕಡೆಗೇ ಇದ್ದೆ. ಕಾನೂನಿನಲ್ಲಿ ನಮಗೆ ಅನುಕೂಲವಾದದ್ದು ಏನಾದರೂ ಇರಬಹುದೆಂದು ಬಿ.ಕಾಂ ಓದುವ ಖಾಲಾನ ಮಗಳ ಪುಸ್ತಕ ತಂದು ಓದಿದೆ.

1872ರ ಭಾರತೀಯ ಕರಾರು ಕಾಯ್ದೆ, 71ನೇ ಕಲಮು: ಬೇರೆಯವರ ವಸ್ತು ಸಿಕ್ಕಿ ಅದನ್ನು ಎತ್ತಿಕೊಂಡವನಿಗೆ, ಇಟ್ಟುಕೊಳ್ಳಲು ಕೊಟ್ಟ ವಸ್ತುವನ್ನು ಕಾಯುವವನಷ್ಟೇ ಹೊಣೆ. ಅಂದರೆ ಸಹಿ ಮಾಡದೆ, ಮಾತಾಡದೆ, ಮುಖವನ್ನೂ ನೋಡದ ಒಬ್ಬ ಹೆಂಗಸಿನೊಂದಿಗೆ ನನ್ನ ತಮ್ಮ ಕರಾರು ಮಾಡಿಕೊಂಡಂತಾಗಿತ್ತು. 168ನೇ ಕಲಮು: ಕಾಪಾಡಲು, ಮಾಲೀಕರನ್ನು ಹುಡುಕಲು ಪಟ್ಟ ಶ್ರಮಕ್ಕಾಗಿ ದಾವೆ ಹಾಕುವಂತಿಲ್ಲ, ಆದರೆ ಅದನ್ನು ಕೊಡುವವರೆಗೆ ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದು. ಬಹುಮಾನ ಸಾರಿದ್ದರೆ ಅದಕ್ಕೆ ದಾವೆ ಹಾಕಬಹುದು. ನಾನು ಆಸೆಯಿಂದ ಓದಿದ್ದು 169ನೇ ಕಲಮನ್ನು, ಏಕೆಂದರೆ ಅದು ಮಾರುವ ಹಕ್ಕಿನದು. ಮಾಲೀಕರು ಹುಡುಕಿದರೂ ಸಿಗದಿದ್ದಾಗ ಅಥವಾ ತಗುಲಿದ ಖರ್ಚು ಕೊಡಲು ಒಪ್ಪದಿದ್ದಾಗ ಮಾರಬಹುದು, ಆದರೆ ವಸ್ತು ಕೆಟ್ಟುಹೋಗುವಂತಿದ್ದರೆ ಅಥವಾ ನಮಗೆ ಬರಬೇಕಾದ ಖರ್ಚು ಅದರ ಬೆಲೆಯ ಮೂರನೇ ಎರಡು ಭಾಗವಾದರೆ ಮಾತ್ರ. ಮಾವಿನಹಣ್ಣಿನ ಬುಟ್ಟಿಯಾಗಿದ್ದರೆ ಮಾರಬಹುದಿತ್ತು. ಬಂಗಾರ ಕೊಳೆಯುವುದಿಲ್ಲ. ಹುಡುಕುವ ಪ್ರಯತ್ನ ಮಾಡದೆ ಮಾರಿಕೊಂಡರೆ ಅದು ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮಿನಡಿ ಅಪರಾಧ, ಎರಡು ವರ್ಷದವರೆಗೆ ಜೈಲು. ಕಳವು ಮಾಡಿರಲೇಬೇಕೆಂದಿಲ್ಲ.

ಪುಸ್ತಕ ಮುಚ್ಚಿ ಅಬ್ಬಾಗೆ ಹೇಳಿದೆ. ಅವರು ನಕ್ಕು, "ಫೀಸು ಕಟ್ಟಿ ಓದಿಸಿದ್ದಕ್ಕ ಇದನ್ನ ಕಲಿತಿ ನೋಡು" ಎಂದರು. ಬೈದರೋ ಹೊಗಳಿದರೋ ಗೊತ್ತಾಗಲಿಲ್ಲ. ದರ್ಗಾದ ಬಾಗಿಲ ಹತ್ತಿರ, ಚಹಾದಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕನ್ನಡ ಮತ್ತು ಉರ್ದುವಿನಲ್ಲಿ ಚೀಟಿ ಅಂಟಿಸಿದೆವು. 'ಕಿವಿಯ ಒಡವೆ ಸಿಕ್ಕಿದೆ' ಎಂದಷ್ಟೇ ಬರೆದೆವು, ಹೇಗಿದೆ ಎಂದು ಬರೆಯಲಿಲ್ಲ. ಇಬ್ಬರು ಬಂದರು. ಒಬ್ಬರು ಬೆಂಡವಾಲಿ ಎಂದರು, ಇನ್ನೊಬ್ಬರು ಎರಡೂ ಕಳೆದಿವೆ ಎಂದರು. ಮೂರು ವಾರದ ಮೇಲೆ ಅಬ್ಬಾ ಪಂಚಾಯಿತಿ ಸದಸ್ಯರೊಬ್ಬರನ್ನು ಕರೆದುಕೊಂಡು ಹೋಗಿ ಪೊಲೀಸ್ ಠಾಣೆಗೆ ಒಪ್ಪಿಸಿ ಬರಹದ ರಸೀದಿ ತಂದರು. ಇಂಥ ವಸ್ತುಗಳ ಬಗ್ಗೆ ಮ್ಯಾಜಿಸ್ಟ್ರೇಟರು ಪ್ರಕಟಣೆ ಹೊರಡಿಸಿ ಆರು ತಿಂಗಳ ಅವಕಾಶ ಕೊಡಬಹುದು, ಯಾರೂ ಬರದಿದ್ದರೆ ಅದು ಸರ್ಕಾರದ ಪಾಲಾಗುತ್ತದೆ, ಸಿಕ್ಕವರ ಪಾಲಲ್ಲ. ದಾದಿಯ ಲೆಕ್ಕ ಬೇರೆ. ಸಿಕ್ಕ ವಸ್ತುವನ್ನು ಒಂದು ವರ್ಷ ಸಾರಬೇಕೆಂದು ಮೌಲಾನಾ ಹೇಳಿದ್ದಾರೆ, ಆದ್ದರಿಂದ ಪ್ರತಿ ಗುರುವಾರ ದರ್ಗಾಕ್ಕೆ ಬರುವ ಹೆಂಗಸರನ್ನು ಅವರು ಈಗಲೂ ಕೇಳುತ್ತಾರೆ. ನನ್ನ ಫೀಸನ್ನು ಅಮ್ಮಿ ಸ್ವಸಹಾಯ ಸಂಘದಿಂದ ಸಾಲ ತೆಗೆದು ಎರಡು ಕಂತಿನಲ್ಲಿ ಕಟ್ಟಿದರು. ತಮ್ಮ ಈಗಲೂ ವಾರಕ್ಕೊಮ್ಮೆ ಝುಮಕಿ ಬಂತಾ ಎಂದು ಕೇಳುತ್ತಾನೆ.

ನಮ್ಮ ಕಾಲೇಜಿಗೆ ನವಲಗುಂದ, ಅಣ್ಣಿಗೇರಿ, ನರಗುಂದ, ರೋಣ ಕಡೆಯಿಂದ ವಿದ್ಯಾರ್ಥಿಗಳು ಬರುತ್ತಾರೆ. ಕಳೆದ ಉರುಸಿಗೆ ಯಮನೂರಿಗೆ ಹೋಗಿದ್ದ ನಿಮ್ಮ ಮನೆಯ ಯಾರದಾದರೂ ಒಂದು ಕಿವಿಯ ಝುಮಕಿ ಕಳೆದಿದ್ದರೆ, ಉಳಿದ ಇನ್ನೊಂದನ್ನು ತೆಗೆದುಕೊಂಡು ದ್ವಿತೀಯ ವಾಣಿಜ್ಯ ವಿಭಾಗದಲ್ಲಿ ನನ್ನನ್ನು ಕೇಳಿ. ರಸೀದಿ ನನ್ನ ಲೆಕ್ಕಶಾಸ್ತ್ರದ ಪುಸ್ತಕದಲ್ಲಿದೆ, ಠಾಣೆಗೆ ಅಬ್ಬಾ ಜೊತೆಗೆ ಬರುತ್ತಾರೆ. ಹರಳಿನ ಬಣ್ಣ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಅದನ್ನು ನೀವು ಹೇಳಬೇಕು.